ಮಕ್ಕಳ ಊರಲ್ಲಿ ಹಲ್ಲು ನೋವು: 'ಹೊಲಿಸ್ಟಿಕ್' ಡೆಂಟಿಸ್ಟ್ ಅಂದ್ರೆ ಯಾರು?

ಕಾಫಿ ಕೊಯ್ಲು ಮುಗಿದು, ಹೂಮಳೆಗೆ ಆಕಾಶ ನೋಡುತ್ತಾ ಕೂರುವ ಹೊತ್ತಿಗೆ ಕೊಡಗಿನ ಎಷ್ಟೋ ಮನೆಗಳಲ್ಲಿ ಅಟ್ಟದಿಂದ ಸೂಟ್‌ಕೇಸ್ ಕೆಳಗೆ ಇಳಿಯುತ್ತದೆ. ಮಗ ಮೆಲ್ಬರ್ನ್‌ನಲ್ಲಿ, ಮಗಳು ಟೊರಾಂಟೋದಲ್ಲಿ. ರಿಟೈರ್ ಆದ ಅಪ್ಪ ಅಮ್ಮ ಆರು ತಿಂಗಳಿಗೆ ಹೋಗುತ್ತಾರೆ. ಕೆಲವರು ಅಲ್ಲೇ ಉಳಿದುಬಿಡುತ್ತಾರೆ. ಬ್ಯಾಗಿನಲ್ಲಿ ಕಾಫಿ ಪುಡಿ, ಒಂದು ಬಾಟಲಿ ಕಾಚಂಪುಳಿ (ನಮ್ಮ ಕಡೆ ಅಡುಗೆಗೆ ಹಾಕುವ ಗಟ್ಟಿ ಹುಳಿ ರಸ), ಬಿಪಿ ಮಾತ್ರೆ ಎಲ್ಲ ಇರುತ್ತದೆ. ಹಲ್ಲಿನ ವಿಚಾರ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಸೋಮವಾರಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಟೀಚರ್‌ಗೂ ನೆನಪಾಗಿರಲಿಲ್ಲ. ಈಗ ಮೆಲ್ಬರ್ನ್‌ನಲ್ಲಿ ಮಗನ ಜೊತೆ ಇದ್ದಾರೆ. ಮೊನ್ನೆ ಅಲ್ಲಿಂದ ಫೋನ್ ಮಾಡಿದರು. "ತಣ್ಣೀರು ಕುಡಿದ್ರೆ ಹಲ್ಲು ಜುಮ್ ಅಂತಿದೆ ಕಣಪ್ಪ. ಇಲ್ಲಿ ಒಂದು ಕಡೆ ಹೊಲಿಸ್ಟಿಕ್ ಡೆಂಟಿಸ್ಟ್ ಅಂತ ಬೋರ್ಡ್ ಇದೆ. ಆಯುರ್ವೇದದವರೇನೋ ಅಂದ್ಕೊಂಡು ಕೇಳಿದೆ. ನಿಮ್ಮ ಸಿಲ್ವರ್ ಫಿಲ್ಲಿಂಗ್ ಎಲ್ಲ ತೆಗೆದು ಬೇರೆ ಹಾಕಬೇಕು ಅಂದ್ರು. ಐದು ಹಲ್ಲು ಇದೆ ನಂದು ಅಂಥದ್ದು. ತೆಗೆಸಲಾ?"

ತಕ್ಷಣ ಹೌದು, ಬೇಡ ಅಂತ ಹೇಳಿಬಿಡುವ ಪ್ರಶ್ನೆ ಅಲ್ಲ ಇದು. ಟೀಚರ್‌ಗೆ ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಅದು ಡಿಗ್ರಿ ಅಲ್ಲ

ಹೊಲಿಸ್ಟಿಕ್ ಅಂದರೆ ಇಡಿಯಾಗಿ ನೋಡುವುದು. ಬರೀ ಹಲ್ಲನ್ನಲ್ಲ, ನಿಮ್ಮ ಊಟ, ನಿದ್ದೆ, ಸಕ್ಕರೆ ಕಾಯಿಲೆ, ನುಂಗುವ ಮಾತ್ರೆ ಎಲ್ಲವನ್ನೂ ಸೇರಿಸಿ ನೋಡುತ್ತೇವೆ ಎಂಬುದು ಇವರ ಮಾತು. ಬಯಾಲಜಿಕಲ್ ಡೆಂಟಿಸ್ಟ್, ನ್ಯಾಚುರಲ್ ಡೆಂಟಿಸ್ಟ್ ಅಂತಲೂ ಬೋರ್ಡ್ ಇರುತ್ತದೆ. ಹೆಚ್ಚುಕಡಿಮೆ ಎಲ್ಲ ಒಂದೇ ಪಂಗಡ.

ಹಲ್ಲಿನ ವೈದ್ಯರು ಮೊದಲು ಬಿಡಿಎಸ್ ಓದುತ್ತಾರೆ. ಬೇಕಾದರೆ ಆಮೇಲೆ ಎಂಡಿಎಸ್ ಮಾಡಿ ವಸಡಿಗೆ, ರೂಟ್ ಕೆನಾಲ್‌ಗೆ, ಕಟ್ಟಿಸುವ ಹಲ್ಲಿಗೆ ಅಂತ ಒಂದೊಂದರಲ್ಲಿ ಸ್ಪೆಷಲಿಸ್ಟ್ ಆಗುತ್ತಾರೆ. ಹೊರದೇಶಗಳಲ್ಲೂ ಹೀಗೇ. ಅಮೆರಿಕದಲ್ಲಿ ಒಪ್ಪಿಕೊಂಡಿರುವ ದಂತ ವಿಭಾಗಗಳು 12. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ 13. ಈ ಯಾವ ಪಟ್ಟಿಯಲ್ಲೂ ಹೊಲಿಸ್ಟಿಕ್ ಎನ್ನುವುದು ಇಲ್ಲ. ಅಂದರೆ ಮಾಮೂಲಿ ಡೆಂಟಿಸ್ಟ್ ಯಾರು ಬೇಕಾದರೂ ಆ ಪದವನ್ನು ಬೋರ್ಡಿಗೆ ಸೇರಿಸಿಕೊಳ್ಳಬಹುದು.

ನಮ್ಮ ಹೋಂಸ್ಟೇ ಬೋರ್ಡುಗಳನ್ನೇ ನೆನಪು ಮಾಡಿಕೊಳ್ಳಿ. ಒಂದು ಕಡೆ ನಿಜಕ್ಕೂ ಮನೆ ಇರುತ್ತದೆ, ಮನೆಯವರೇ ಬಿಸಿ ಅಕ್ಕಿ ರೊಟ್ಟಿ ಬಡಿಸುತ್ತಾರೆ. ಅದರ ಮುಂದಿನ ತಿರುವಿನಲ್ಲಿ ಅದೇ ಬೋರ್ಡು, ಒಳಗೆ ಹೋದರೆ ಲಾಡ್ಜು. ಬೋರ್ಡ್ ನೋಡಿ ಒಳಗಿನ ಊಟ ಹೇಳೋಕಾಗಲ್ಲ ಅಲ್ವಾ? ಇಲ್ಲೂ ಅಷ್ಟೇ.

ಹಾಗಂತ ಇವರೆಲ್ಲ ಮೋಸ ಅಂತಲ್ಲ. ಲೈಸೆನ್ಸ್ ಇರುವ, ರೋಗಿಗೆ ಜಾಸ್ತಿ ಸಮಯ ಕೊಡುವ ಒಳ್ಳೆಯ ವೈದ್ಯರೂ ಇವರಲ್ಲಿದ್ದಾರೆ. 1984ರಲ್ಲಿ ಶುರುವಾದ ಐಎಒಎಂಟಿ ಎಂಬ ಈ ಪಂಗಡದ ಸಂಘ ತನ್ನ ಸದಸ್ಯರಿಗೆ ತರಬೇತಿ ಕೊಟ್ಟು ಸರ್ಟಿಫಿಕೇಟನ್ನೂ ಕೊಡುತ್ತದೆ. ಸಂಘದ ಸರ್ಟಿಫಿಕೇಟ್ ಬೇರೆ, ಸರ್ಕಾರದ ಲೈಸೆನ್ಸ್ ಬೇರೆ. ಅದಿಷ್ಟು ತಲೆಯಲ್ಲಿದ್ದರೆ ಸಾಕು.

ಸಿಲ್ವರ್ ಫಿಲ್ಲಿಂಗ್ ತೆಗೆಸಬೇಕಾ?

ಈ ಕ್ಲಿನಿಕ್‌ಗಳಲ್ಲಿ ಜಾಸ್ತಿ ಮಾತು ನಡೆಯುವುದೇ ಇದರ ಬಗ್ಗೆ. ಅರವತ್ತು ದಾಟಿದ ಎಷ್ಟೋ ಜನರ ಬಾಯಲ್ಲಿ ಒಂದೆರಡಾದರೂ ಬೂದು ಬಣ್ಣದ ಫಿಲ್ಲಿಂಗ್ ಇರುತ್ತದೆ. ಇದರ ಹೆಸರು ಅಮಾಲ್ಗಮ್. ಬೆಳ್ಳಿ, ತವರ, ತಾಮ್ರದ ಪುಡಿಗೆ ಪಾದರಸ ಸೇರಿಸಿ ಕಲಸಿದ್ದು. ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಪಾದರಸವೇ. ಪಾದರಸ ವಿಷ ಎಂದು ಎಲ್ಲರಿಗೂ ಗೊತ್ತು. ಹಾಗಾದರೆ ಇಷ್ಟು ವರ್ಷ ಬಾಯಲ್ಲಿ ವಿಷ ಇಟ್ಟುಕೊಂಡಿದ್ದೆವಾ?

ಕಾಫಿ ಒಣಗಿಸುವ ಸಿಮೆಂಟ್ ಕಣ ಯೋಚನೆ ಮಾಡಿ. ಹಸಿ ಇದ್ದಾಗ ಸಿಮೆಂಟ್ ಹರಿಯುತ್ತದೆ. ಗಟ್ಟಿಯಾದ ಮೇಲೆ ಇಪ್ಪತ್ತು ವರ್ಷ ಹಾಗೇ ಬಿದ್ದಿರುತ್ತದೆ. ಗುಡಿಸಿದಾಗ ಒಂಚೂರು ಧೂಳು ಏಳಬಹುದು, ಅಷ್ಟೇ. ಆದರೆ ಮೆಷಿನ್ ತಂದು ಅದನ್ನು ಒಡೆಯಲು ಶುರು ಮಾಡಿ. ಅಂಗಳ ತುಂಬ ಧೂಳು, ಮೂಗಿಗೆ ಬಟ್ಟೆ ಕಟ್ಟದೆ ನಿಲ್ಲೋಕಾಗಲ್ಲ.

ಅಮಾಲ್ಗಮ್ ಕೂಡ ಹೀಗೇ. ಗಟ್ಟಿಯಾದ ಮೇಲೆ ಪಾದರಸ ಬೇರೆ ಲೋಹಗಳ ಜೊತೆ ಬೆಸೆದುಕೊಂಡಿರುತ್ತದೆ. ಅಗಿಯುವಾಗ, ನಿದ್ದೆಯಲ್ಲಿ ಹಲ್ಲು ಕಡಿಯುವಾಗ ತೀರಾ ಸ್ವಲ್ಪ ಆವಿ ಬರುತ್ತದೆ. ಡ್ರಿಲ್ ಹಾಕಿ ತೆಗೆಯುವಾಗ ಬರುವ ಆವಿ ಅದಕ್ಕಿಂತ ಜಾಸ್ತಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಸೆಪ್ಟೆಂಬರಿನಲ್ಲಿ ಹೇಳಿದ್ದರಲ್ಲಿ ಎರಡು ಭಾಗ ಇದೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಚಿಕ್ಕ ಮಕ್ಕಳು, ನರದ ಕಾಯಿಲೆ ಇರುವವರು, ಕಿಡ್ನಿ ತೊಂದರೆ ಇರುವವರಿಗೆ ಹೊಸದಾಗಿ ಅಮಾಲ್ಗಮ್ ಹಾಕದಿದ್ದರೆ ಒಳ್ಳೆಯದು ಎಂಬುದು ಒಂದು. ಚೆನ್ನಾಗಿಯೇ ಇರುವ ಹಳೇ ಫಿಲ್ಲಿಂಗನ್ನು, ವೈದ್ಯಕೀಯ ಕಾರಣ ಇಲ್ಲದೆ, ಸುಮ್ನೆ ತೆಗೆಸಬೇಡಿ ಎಂಬುದು ಇನ್ನೊಂದು. ಮೊದಲ ಭಾಗ ಎಲ್ಲ ಕ್ಲಿನಿಕ್ಕಿನವರೂ ಹೇಳುತ್ತಾರೆ. ಎರಡನೆಯದನ್ನು ನಾವೇ ಕೇಳಿ ತಿಳಿಯಬೇಕು.

"ಯುರೋಪಿನಲ್ಲಿ ಬ್ಯಾನ್ ಆಗಿದೆಯಲ್ಲ" ಎಂಬ ಮಾತೂ ಬರುತ್ತದೆ. ನಿಜ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜನವರಿ 1ರಿಂದ ಹೊಸದಾಗಿ ಅಮಾಲ್ಗಮ್ ತುಂಬಿಸುವ ಹಾಗಿಲ್ಲ, ವೈದ್ಯರಿಗೆ ಅಗತ್ಯ ಅನ್ನಿಸಿದ ಕೆಲವು ಸಂದರ್ಭ ಬಿಟ್ಟು. ಅದರ ಮುಖ್ಯ ಕಾರಣ ಪರಿಸರ. ಕ್ಲಿನಿಕ್ಕಿನ ಚರಂಡಿಯಿಂದ, ಹೆಣ ಸುಡುವ ಚಿಮಣಿಯಿಂದ ಪಾದರಸ ನೀರಿಗೂ ಗಾಳಿಗೂ ಸೇರುತ್ತದೆ. ಪಾದರಸದ ಬಳಕೆ ತಗ್ಗಿಸಲು 2013ರಲ್ಲಿ ಮಿನಮಾಟಾ ಒಪ್ಪಂದ ಆಗಿದ್ದೂ ಇಂಥ ಚಿಂತೆಯಿಂದಲೇ. ಈಗಾಗಲೇ ಬಾಯಲ್ಲಿರುವುದನ್ನು ಕಿತ್ತು ಹಾಕಿ ಎಂದು ಆ ನಿಯಮ ಹೇಳುವುದಿಲ್ಲ.

ಹಾಗಾದರೆ ಯಾವಾಗ ತೆಗೆಸಬೇಕು? ಫಿಲ್ಲಿಂಗ್ ಬಿರುಕು ಬಿಟ್ಟಿದ್ದರೆ, ಅಂಚಿನಲ್ಲಿ ಸಂದು ಬಿದ್ದು ಅಡಿಯಲ್ಲಿ ಹುಳುಕು ಶುರುವಾಗಿದ್ದರೆ, ಹಲ್ಲೇ ಸೀಳಿದ್ದರೆ. ಆಗ ಹೊಲಿಸ್ಟಿಕ್‌ನವರ ಒಂದು ಅಭ್ಯಾಸವನ್ನು ಧಾರಾಳವಾಗಿ ಒಪ್ಪಬಹುದು. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತಾರೆ, ಜೋರಾಗಿ ಎಳೆಯುವ ಸಕ್ಷನ್ ಇಡುತ್ತಾರೆ, ನೀರು ಹಾಯಿಸುತ್ತಾ ದೊಡ್ಡ ತುಂಡುಗಳಾಗಿ ಕತ್ತರಿಸಿ ತೆಗೆಯುತ್ತಾರೆ. ಕಣ ಒಡೆಯುವಾಗ ನೀರು ಚಿಮುಕಿಸುವ ಹಾಗೆ. ಇದನ್ನು ಯಾವ ಡೆಂಟಿಸ್ಟ್ ಹತ್ತಿರ ಬೇಕಾದರೂ ಕೇಳಬಹುದು, ಬೋರ್ಡ್ ಏನೇ ಇರಲಿ.

ತೆಗೆದ ಮೇಲೆ "ಮೈಯಲ್ಲಿರುವ ಲೋಹ ಹೊರಹಾಕಲು" ಡ್ರಿಪ್ ಹಾಕಿಸಿಕೊಳ್ಳಿ ಎನ್ನುವವರಿದ್ದಾರೆ. ಚಿಲೇಷನ್ ಅಂತ ಅದರ ಹೆಸರು. ಅದು ನಿಜವಾದ ಲೋಹ ವಿಷಕ್ಕೆ ಕೊಡುವ ಚಿಕಿತ್ಸೆ, ಕಿಡ್ನಿಗೆ ಪೆಟ್ಟು ಕೊಡಬಲ್ಲದು. ಎಪ್ಪತ್ತರ ವಯಸ್ಸಿನಲ್ಲಿ ಈ ಮಾತು ಬಂದರೆ ಮೊದಲು ಮಾಮೂಲಿ ವೈದ್ಯರನ್ನು ಕೇಳಿ.

ರೂಟ್ ಕೆನಾಲ್ ಮತ್ತು ಮೊಲಗಳ ಕಥೆ

ಹಲ್ಲಿನ ನಡುವೆ ನರ, ರಕ್ತನಾಳ ಇರುವ ಒಂದು ಸಣ್ಣ ಕೊಳವೆ ಇದೆ. ಹುಳುಕು ಅಲ್ಲಿಗೆ ಮುಟ್ಟಿದರೆ ತಡೆಯಲಾರದ ನೋವು. ಆ ಕೊಳವೆಯನ್ನು ಶುಚಿ ಮಾಡಿ ಮುಚ್ಚುವುದೇ ರೂಟ್ ಕೆನಾಲ್. ಹಲ್ಲು ಸತ್ತರೂ ಅಗಿಯಲು ನಿಂತಿರುತ್ತದೆ.

ಸತ್ತ ಹಲ್ಲು ಮೈಯಲ್ಲಿದ್ದರೆ ಮಂಡಿ ನೋವಿನಿಂದ ಹಿಡಿದು ಹೃದಯದ ತೊಂದರೆವರೆಗೆ ಏನೇನೋ ಬರುತ್ತದೆ, ಕಿತ್ತು ಹಾಕಿ ಎಂದು ಕೆಲವು ಹೊಲಿಸ್ಟಿಕ್ ಕ್ಲಿನಿಕ್ಕಿನವರು ಹೇಳುತ್ತಾರೆ. ಇದರ ಬೇರು ನೂರು ವರ್ಷ ಹಳೆಯದು. 1920ರ ದಶಕದಲ್ಲಿ ಅಮೆರಿಕದ ದಂತವೈದ್ಯ ವೆಸ್ಟನ್ ಪ್ರೈಸ್ ಇಂಥ ಹಲ್ಲುಗಳನ್ನು ಮೊಲದ ಚರ್ಮದಡಿ ಇಟ್ಟು ನೋಡಿದರು. ಮೊಲಗಳು ಕಾಯಿಲೆ ಬಿದ್ದವು. ಅದನ್ನು ನಂಬಿ ಆ ಕಾಲದಲ್ಲಿ ಜನರ ಒಳ್ಳೆಯ ಹಲ್ಲುಗಳನ್ನೂ ಕಿತ್ತರು. ಆಮೇಲೆ ಬೇರೆಯವರು ಶುಚಿಯಾಗಿ, ಸರಿಯಾದ ಹೋಲಿಕೆ ಇಟ್ಟು ಪ್ರಯೋಗ ಮಾಡಿದಾಗ ಆ ಫಲಿತಾಂಶ ನಿಲ್ಲಲಿಲ್ಲ.

ಕೀಳಿಸಿದರೆ ಏನು ಕಳೆದುಕೊಳ್ಳುತ್ತೇವೆ ಅಂತಲೂ ನೋಡಬೇಕಲ್ಲ. ಒಂದು ದವಡೆ ಹಲ್ಲು ಹೋದರೆ ಆ ಕಡೆ ಅಗಿಯುವುದು ಕಷ್ಟ, ಪಕ್ಕದ ಹಲ್ಲು ವಾಲುತ್ತದೆ. ಪಂದಿಕರಿ ಬಿಟ್ಟು ನೂಪುಟ್ಟು, ಗಂಜಿಗೆ ಇಳಿಯಬೇಕಾಗುತ್ತದೆ. ಜಾಗ ತುಂಬಲು ಇಂಪ್ಲಾಂಟ್ ಹಾಕಿಸಿದರೆ ರೂಟ್ ಕೆನಾಲ್‌ಗಿಂತ ಎಷ್ಟೋ ಪಟ್ಟು ಖರ್ಚು. ರೂಟ್ ಕೆನಾಲ್ ಆದ ಹಲ್ಲಿನ ಬೇರಿನಡಿ ಮತ್ತೆ ಕೀವು ಕಟ್ಟುವುದೂ ಉಂಟು. ಆದರೆ ಅದು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಕಂಡರೆ ಚಿಕಿತ್ಸೆ, ಕಾಣದೆ, ನೋವು ಬಾವು ಕೂಡ ಇಲ್ಲದಿದ್ದರೆ ಬಿಡಿ.

ಓಜೋನ್, ಫ್ಲೋರೈಡ್, ಕೊಬ್ಬರಿ ಎಣ್ಣೆ

ಇವನ್ನು ಬೇಗ ಮುಗಿಸೋಣ. ಓಜೋನ್ ಅನಿಲ ಬಿಟ್ಟು ಕೀಟಾಣು ಕೊಲ್ಲುತ್ತೇವೆ ಎನ್ನುತ್ತಾರೆ. ಅದು ವಿಷಾನಿಲ, ಚಿಕಿತ್ಸೆಯಲ್ಲಿ ಇದರ ಉಪಯೋಗ ಏನೂ ಗೊತ್ತಾಗಿಲ್ಲ ಎಂದು ಅಮೆರಿಕದ ನಿಯಮದಲ್ಲಿ ಬರೆದಿಟ್ಟಿದ್ದಾರೆ. ಕೈ ಚಾಚಿಸಿ, ಒತ್ತಿ ನೋಡಿ, "ಈ ಫಿಲ್ಲಿಂಗ್ ನಿಮ್ಮ ಮೈಗೆ ಆಗಲ್ಲ" ಎನ್ನುವ ಸ್ನಾಯು ಪರೀಕ್ಷೆಗೂ ಆಧಾರ ಇಲ್ಲ. ಕೊಬ್ಬರಿ ಎಣ್ಣೆ ಮುಕ್ಕಳಿಸುವುದರಿಂದ ಕೆಡುಕಿಲ್ಲ, ಬ್ರಷ್ ಬಿಡಬೇಡಿ ಅಷ್ಟೇ.

ಫ್ಲೋರೈಡ್ ವಿಚಾರದಲ್ಲಿ ಹಿರಿಯರು ಸ್ವಲ್ಪ ಹುಷಾರಾಗಿರಬೇಕು. ಹೊಲಿಸ್ಟಿಕ್‌ನವರಲ್ಲಿ ಹಲವರು ಫ್ಲೋರೈಡ್ ಇಲ್ಲದ ಪೇಸ್ಟ್ ಕೊಡುತ್ತಾರೆ. ವಯಸ್ಸಾದಂತೆ ವಸಡು ಕೆಳಗೆ ಸರಿದು ಬೇರು ಹೊರಗೆ ಕಾಣುತ್ತದೆ. ಬೇರಿನ ಮೇಲೆ ಎನಾಮಲ್ ಎಂಬ ಗಟ್ಟಿ ಹೊದಿಕೆ ಇಲ್ಲ, ಬೇಗ ಹುಳುಕಾಗುತ್ತದೆ. ಅದನ್ನು ತಡೆಯುವುದೇ ಫ್ಲೋರೈಡ್. ನಮ್ಮಲ್ಲಿ ಟೂತ್‌ಪೇಸ್ಟ್‌ಗೆ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಫ್ಲೋರೈಡ್ ಮಿತಿ ಇದೆ. ಹೊರದೇಶದಲ್ಲಿ ಹಲವು ಕಡೆ 1450ರ ಆಸುಪಾಸಿನದು ಮಾಮೂಲು, ಬೇರು ಹುಳುಕಿಗೆ 5000ದ್ದನ್ನೂ ಡೆಂಟಿಸ್ಟ್ ಹೇಳಿ ಕೊಡಿಸುತ್ತಾರೆ.

ಇಡೀ ಮೈ ನೋಡಬೇಕು ಅನ್ನೋದು ನಿಜವೇ

ಹೊಲಿಸ್ಟಿಕ್ ಎಂಬ ಮಾತಿನಲ್ಲಿ ಗಟ್ಟಿಯಾದ ಕಾಳು ಇರುವುದು ಇಲ್ಲಿ. ಬಾಯಿ ಬೇರೆ, ಮೈ ಬೇರೆ ಅಲ್ಲ.

ಮಳೆಗಾಲದಲ್ಲಿ ಬರೆ ಬದಿಯಲ್ಲಿ ನಿಂತ ಸಿಲ್ವರ್ ಓಕ್ ಮರ ನೋಡಿದ್ದೀರಲ್ಲ. ಮರಕ್ಕೆ ಏನೂ ರೋಗ ಇಲ್ಲ. ಎಲೆ ಹಸಿರಾಗಿದೆ. ಆದರೆ ಬುಡದ ಮಣ್ಣು ದಿನಾ ಒಂದಿಷ್ಟು ಜಾರುತ್ತದೆ. ಒಂದು ದಿನ ಮರ ವಾಲುತ್ತದೆ. ವಸಡಿನ ಕಾಯಿಲೆಯೂ ಹೀಗೆ. ಹಲ್ಲಿಗೆ ಹುಳುಕಿಲ್ಲ, ನೋವೂ ಇಲ್ಲ. ಅದನ್ನು ಹಿಡಿದ ವಸಡು, ಮೂಳೆ ಸವೆಯುತ್ತಾ ಬರುತ್ತದೆ. ಹಲ್ಲು ಉಜ್ಜುವಾಗ ರಕ್ತ ಬರುವುದೇ ಮೊದಲ ಸೂಚನೆ.

ಸಕ್ಕರೆ ಕಾಯಿಲೆ ಹದ್ದುಬಸ್ತಿನಲ್ಲಿ ಇಲ್ಲದಿದ್ದರೆ ವಸಡು ಬೇಗ ಹಾಳಾಗುತ್ತದೆ. ವಸಡು ಹಾಳಾಗಿದ್ದರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ. ಎರಡೂ ಕಡೆಯಿಂದ ಎಳೆದಾಟ. ಹೃದಯ ಕಾಯಿಲೆ ಮತ್ತು ವಸಡಿನ ಕಾಯಿಲೆ ಒಟ್ಟೊಟ್ಟಿಗೆ ಕಾಣಿಸಿಕೊಳ್ಳುವುದು ಜಾಸ್ತಿ, ಆದರೆ ಒಂದರಿಂದಲೇ ಇನ್ನೊಂದು ಬರುತ್ತದೆ ಎಂದು ಸಾಬೀತಾಗಿಲ್ಲ.

ಮಾತ್ರೆಗಳೂ ಬಾಯಿಗೆ ಬರುತ್ತವೆ. ಬಿಪಿಗೆ ಕೊಡುವ ಆಮ್ಲೋಡಿಪಿನ್‌ನಿಂದ ಕೆಲವರಿಗೆ ವಸಡು ಊದಿ ಬೆಳೆಯುತ್ತದೆ. ಅಲರ್ಜಿ, ಖಿನ್ನತೆ ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಎಂಜಲು ಕಡಿಮೆಯಾದರೆ ಹುಳುಕು ಜಾಸ್ತಿ. ರಕ್ತ ತೆಳು ಮಾಡುವ ಮಾತ್ರೆಯನ್ನು ಹಲ್ಲು ಕೀಳಿಸಲು ಹೋಗುವ ಮುಂಚೆ ನೀವೇ ನಿಲ್ಲಿಸಬಾರದು, ಆದರೆ ಡೆಂಟಿಸ್ಟ್‌ಗೆ ಹೇಳಲೇಬೇಕು. ಎಲ್ಲಕ್ಕಿಂತ ಜನ ಮರೆಯುವುದು ಮೂಳೆ ಗಟ್ಟಿಗೆ ಕೊಡುವ ಅಲೆಂಡ್ರೋನೇಟ್ ಮಾತ್ರೆ, ಜೊಲೆಂಡ್ರೋನಿಕ್ ಆಸಿಡ್ ಇಂಜೆಕ್ಷನ್. ಇವುಗಳನ್ನು ತೆಗೆದುಕೊಂಡವರಲ್ಲಿ ಅಪರೂಪಕ್ಕೆ, ಹಲ್ಲು ಕಿತ್ತ ಜಾಗದ ದವಡೆ ಮೂಳೆ ಮಾಯುವುದೇ ಇಲ್ಲ. ವರ್ಷಕ್ಕೊಂದು ಇಂಜೆಕ್ಷನ್ ಆದ್ದರಿಂದ ಅದು ನೆನಪಿಗೇ ಬರುವುದಿಲ್ಲ.

ವೀಳ್ಯದೆಲೆ ಜೊತೆ ಅಡಿಕೆ ಹಾಕುವವರು ಅದನ್ನೂ ಹೇಳಿ. ಅಡಿಕೆಯಿಂದ ಬಾಯಿಯ ಒಳಚರ್ಮ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗಬಹುದು, ಕ್ಯಾನ್ಸರ್ ಕೂಡ ಬರಬಹುದು. ಹೊರದೇಶದ ಡೆಂಟಿಸ್ಟ್‌ಗೆ ಅಡಿಕೆ ಜಗಿಯುವ ಅಭ್ಯಾಸದ ಬಗ್ಗೆ ಕೇಳಬೇಕೆಂದು ಹೊಳೆಯದೆಯೂ ಇರಬಹುದು.

ದುಡ್ಡು ಯಾರು ಕೊಡ್ತಾರೆ?

ಹೆಚ್ಚಿನ ಕಡೆ, ನೀವೇ.

ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ಮೆಡಿಕೇರ್, ಮೂಲ ರೂಪದಲ್ಲಿ, ಮಾಮೂಲಿ ಹಲ್ಲಿನ ಕೆಲಸಕ್ಕೆ ಕೊಡುವುದಿಲ್ಲ. ಆಸ್ಟ್ರೇಲಿಯಾದ ಮೆಡಿಕೇರ್ ಕೂಡ ದೊಡ್ಡವರ ಹಲ್ಲಿಗೆ ಸಾಮಾನ್ಯವಾಗಿ ಇಲ್ಲ. ಅಲ್ಲಿ ಖಾಸಗಿ ಇನ್ಶೂರೆನ್ಸಿನಲ್ಲಿ 'ಎಕ್ಸ್‌ಟ್ರಾಸ್' ತೆಗೆದುಕೊಂಡರೂ ಕ್ಯಾಪ್, ರೂಟ್ ಕೆನಾಲ್‌ನಂಥ ದೊಡ್ಡ ಕೆಲಸಕ್ಕೆ ಸಾಧಾರಣವಾಗಿ 12 ತಿಂಗಳು ಕಾಯಬೇಕು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಮೂರು ಹಂತದ ದರ. 2025ರ ಏಪ್ರಿಲ್‌ನಲ್ಲಿ ಪರೀಕ್ಷೆಗೆ 27.40 ಪೌಂಡ್, ಫಿಲ್ಲಿಂಗ್ ಮತ್ತು ರೂಟ್ ಕೆನಾಲ್‌ಗೆ 75.30, ಕ್ಯಾಪ್ ಅಥವಾ ಹಲ್ಲಿನ ಸೆಟ್ಟಿಗೆ 326.70 ಇತ್ತು. ಹಿರಿಯರು ಅಂತ ರಿಯಾಯಿತಿ ಇಲ್ಲ. ಹೊಸಬರನ್ನು ಸೇರಿಸಿಕೊಳ್ಳುವ ಎನ್‌ಎಚ್‌ಎಸ್ ಕ್ಲಿನಿಕ್ ಸಿಗುವುದೂ ಕಷ್ಟ.

ಕೆನಡಾದ ಹೊಸ ದಂತ ಯೋಜನೆ 2024ರ ಮೇನಲ್ಲಿ ಹಿರಿಯರಿಂದಲೇ ಶುರುವಾಯಿತು. ಕುಟುಂಬದ ಆದಾಯ 90,000 ಡಾಲರ್‌ಗಿಂತ ಕಡಿಮೆ ಇರಬೇಕು, ಬೇರೆ ಡೆಂಟಲ್ ಇನ್ಶೂರೆನ್ಸ್ ಇರಬಾರದು, ಅಲ್ಲಿ ಟ್ಯಾಕ್ಸ್ ರಿಟರ್ನ್ ಸಲ್ಲಿಸಿರಬೇಕು. ಸೂಪರ್ ವೀಸಾದಲ್ಲಿ ಮಕ್ಕಳ ಮನೆಗೆ ಹೋದವರಿಗೆ ಇದು ಸಾಮಾನ್ಯವಾಗಿ ದಕ್ಕುವುದಿಲ್ಲ. ಆ ವೀಸಾಕ್ಕೆ ಮಾಡಿಸುವ 1 ಲಕ್ಷ ಡಾಲರಿನ ಇನ್ಶೂರೆನ್ಸೂ ತುರ್ತು ಚಿಕಿತ್ಸೆಗೆ. ಹುಳುಕು ಹಲ್ಲು ಅದರಲ್ಲಿ ಸೇರುವುದು ಅಪರೂಪ.

ನಮ್ಮಲ್ಲಿ ಮನೆಗೊಬ್ಬ ಮಾಜಿ ಸೈನಿಕರಿದ್ದಾರೆ. ಅವರಿಗೊಂದು ಮಾತು. ಇಸಿಎಚ್‌ಎಸ್ ಕಾರ್ಡ್ ಇಲ್ಲಿ ಹಲ್ಲಿಗೂ ಉಪಯೋಗಕ್ಕೆ ಬರುತ್ತದೆ. ಅದನ್ನು ನಂಬಿಕೊಂಡು ಹೊರದೇಶದ ಕ್ಲಿನಿಕ್ ಮೆಟ್ಟಿಲು ಹತ್ತಬೇಡಿ.

ಓಜೋನ್, ಸ್ನಾಯು ಪರೀಕ್ಷೆಯಂಥವಕ್ಕೆ ಇನ್ಶೂರೆನ್ಸ್‌ನಿಂದ ದುಡ್ಡು ಬರುತ್ತದೆ ಎಂಬ ಆಸೆ ಇಟ್ಟುಕೊಳ್ಳುವುದೇ ಬೇಡ.

ಹುಡುಕೋದು ಹೇಗೆ?

ಮೊದಲು ರಿಜಿಸ್ಟರ್. ಆಸ್ಟ್ರೇಲಿಯಾದಲ್ಲಿ ಆಪ್ರಾ, ಬ್ರಿಟನ್‌ನಲ್ಲಿ ಜನರಲ್ ಡೆಂಟಲ್ ಕೌನ್ಸಿಲ್, ಅಮೆರಿಕದಲ್ಲಿ ಆಯಾ ರಾಜ್ಯದ ಡೆಂಟಲ್ ಬೋರ್ಡ್, ಕೆನಡಾದಲ್ಲಿ ಆಯಾ ಪ್ರಾಂತ್ಯದ ಸಂಸ್ಥೆ. ವೆಬ್‌ಸೈಟಿನಲ್ಲಿ ವೈದ್ಯರ ಹೆಸರು ಹಾಕಿದರೆ ಲೈಸೆನ್ಸ್ ಇದೆಯಾ, ಏನಾದರೂ ಷರತ್ತು ಹಾಕಿದ್ದಾರಾ ಎಂದು ನೋಡಬಹುದು. ಮೊಮ್ಮಕ್ಕಳಿಗೆ ಹೇಳಿದರೆ ಎರಡು ನಿಮಿಷದ ಕೆಲಸ.

ಆಮೇಲೆ ಮಾತಾಡಿಸಿ ನೋಡಿ. ಕುರ್ಚಿಯಲ್ಲಿ ಕೂರಿಸುವ ಮುಂಚೆ ನಿಮ್ಮ ಕಾಯಿಲೆ, ಮಾತ್ರೆ ಕೇಳುತ್ತಾರಾ? ವಸಡಿನ ಆಳವನ್ನು ಸಣ್ಣ ಕಡ್ಡಿಯಿಂದ ಅಳೆಯುತ್ತಾರಾ? ಈ ಹಲ್ಲನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದರೆ ನೇರ ಉತ್ತರ ಬರುತ್ತದಾ? ನನ್ನ ಪ್ರಕಾರ ಈ ಕೊನೆಯದೇ ಒಳ್ಳೆಯ ಪರೀಕ್ಷೆ. ಮೊದಲ ದಿನವೇ ಐದಾರು ಹಲ್ಲಿನ ಪ್ಯಾಕೇಜ್ ಹೇಳಿ, ಇವತ್ತೇ ಸಹಿ ಮಾಡಿದರೆ ರಿಯಾಯಿತಿ ಎಂದರೆ ಎದ್ದು ಬನ್ನಿ.

ಮಾಡಬೇಕಾದ ಕೆಲಸವನ್ನು ಬರೆದು ಕೊಡಲು ಕೇಳಿ. ಆಸ್ಟ್ರೇಲಿಯಾದಲ್ಲಿ ಪ್ರತಿ ಕೆಲಸಕ್ಕೂ ಒಂದು ಐಟಂ ನಂಬರ್ ಇದೆ. ಪೂರ್ತಿ ಪರೀಕ್ಷೆ 011, ಕಲ್ಲುಗಟ್ಟಿದ ಪಾಚಿ ತೆಗೆಯುವುದು 114. ಅಮೆರಿಕದಲ್ಲೂ ಇಂಥ ಕೋಡ್‌ಗಳಿವೆ. ಆ ಚೀಟಿ ಹಿಡಿದುಕೊಂಡು ಇನ್ನೊಬ್ಬ ಡೆಂಟಿಸ್ಟ್ ಹತ್ತಿರ ಅಭಿಪ್ರಾಯ ಕೇಳಬಹುದು, ದರವನ್ನೂ ಹೋಲಿಸಬಹುದು. ಭಾಷೆ ಸರಿಯಾಗಿ ಬಾರದಿದ್ದರೂ ನಂಬರ್ ನಂಬರೇ.

ವಿಮಾನ ಹತ್ತುವ ಮುಂಚೆ

ಹೊರಡಲು ಎರಡು ಮೂರು ತಿಂಗಳು ಇರುವಾಗಲೇ ಇಲ್ಲಿ ಒಮ್ಮೆ ತೋರಿಸಿ. ವಿರಾಜಪೇಟೆಯಲ್ಲಿ ಡೆಂಟಲ್ ಕಾಲೇಜೇ ಇದೆ, ಎಲ್ಲ ವಿಭಾಗದವರೂ ಒಂದೇ ಕಡೆ ಸಿಗುತ್ತಾರೆ. ಕಾಲೇಜು ಆದ್ದರಿಂದ ವಿದ್ಯಾರ್ಥಿಗಳು ನೋಡುತ್ತಾರೆ, ಟೈಮ್ ಹಿಡಿಯುತ್ತದೆ, ಮೇಷ್ಟ್ರು ಬಂದು ಮತ್ತೊಮ್ಮೆ ನೋಡುತ್ತಾರೆ.

ಇಡೀ ಬಾಯಿಯ ಎಕ್ಸ್‌ರೇ ಒಂದು ತೆಗೆಸಿ. ಓಪಿಜಿ ಎನ್ನುತ್ತಾರೆ. ಅದರ ಕಾಪಿ ಫೋನಿಗೆ ಹಾಕಿಸಿಕೊಳ್ಳಿ. ವಿಕಿರಣದ ಭಯ ಇದ್ದರೆ, ಬೆಂಗಳೂರಿನಿಂದ ಅಮೆರಿಕಕ್ಕೆ ಹಾರುವಾಗ ಆಕಾಶದಲ್ಲಿ ಸಿಗುವುದಕ್ಕಿಂತ ಒಂದು ಓಪಿಜಿಯದು ಕಡಿಮೆ. ಮಾತ್ರೆಗಳ ಪಟ್ಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧದ ಹೆಸರು ಬರೆಸಿ. ನಮ್ಮ ಮೆಡಿಕಲ್ ಶಾಪಿನ ಹೆಸರುಗಳು ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ಅರ್ಧ ಮುಗಿದ ರೂಟ್ ಕೆನಾಲ್ ಇಟ್ಟುಕೊಂಡು ಹಾರಬೇಡಿ. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1800ರಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ನಮ್ಮ ತಡಿಯಂಡಮೋಳ್ 1748 ಮೀಟರ್. ಅಂದರೆ ಅದರ ತುದಿಗಿಂತಲೂ ಮೇಲೆ ಕೂತ ಹಾಗೆ. ಫಿಲ್ಲಿಂಗ್ ಅಡಿಯಲ್ಲಿ ಸಿಕ್ಕಿಕೊಂಡ ಗಾಳಿ ಅಲ್ಲಿ ಹಿಗ್ಗುತ್ತದೆ. ಹದಿನೈದು ಗಂಟೆ ಹಲ್ಲು ಹಿಡಿದುಕೊಂಡು ಕೂರಬೇಕು.

ಅಲ್ಲೇ ನೆಲೆಸಿದವರು ಪುತ್ತರಿ ಹಬ್ಬಕ್ಕೆ ಊರಿಗೆ ಬಂದಾಗ ಮೂರು ವಾರದಲ್ಲಿ ಎಲ್ಲ ಹಲ್ಲು ರಿಪೇರಿ ಮಾಡಿಸಿಕೊಂಡು ಹೋಗುವುದುಂಟು. ಫಿಲ್ಲಿಂಗ್, ಕ್ಯಾಪ್‌ಗೆ ಅಡ್ಡಿಯಿಲ್ಲ. ಇಂಪ್ಲಾಂಟ್ ಹಾಗಲ್ಲ. ಸ್ಕ್ರೂ ಮೂಳೆಗೆ ಬೆಸೆಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಹಾಕಿಸಿದ್ದೇ ಆದರೆ ಅದರ ಕಂಪನಿ, ಅಳತೆ ಬರೆದ ಕಾರ್ಡ್ ಕೇಳಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಅಲ್ಲಿನವರಿಗೆ ಅದಕ್ಕೆ ಹೊಂದುವ ಸ್ಪ್ಯಾನರ್ ಹುಡುಕುವುದೇ ದೊಡ್ಡ ಕೆಲಸ.

ಟೀಚರ್ ಹಲ್ಲಿಗೆ ಏನಾಗಿತ್ತು?

ಟೀಚರ್ ಕೊನೆಗೆ ಮೊಮ್ಮಗಳ ಕೈಲಿ ರಿಜಿಸ್ಟರ್ ನೋಡಿಸಿ ಮನೆ ಹತ್ತಿರದ ಒಬ್ಬ ಮಾಮೂಲಿ ಡೆಂಟಿಸ್ಟ್ ಹತ್ತಿರ ಹೋದರು. ಐದು ಫಿಲ್ಲಿಂಗ್‌ಗಳಲ್ಲಿ ನಾಲ್ಕು ಚೆನ್ನಾಗಿದ್ದವು. ಒಂದರ ಅಂಚು ಬಿರುಕು ಬಿಟ್ಟಿತ್ತು, ಅದನ್ನು ರಬ್ಬರ್ ಹಾಳೆ ಕಟ್ಟಿ ಬದಲಾಯಿಸಿದರಂತೆ. ಆದರೆ ಜುಮ್ ಅನ್ನುತ್ತಿದ್ದದ್ದು ಆ ಹಲ್ಲಲ್ಲ, ಮುಂದಿನವು. ಎನಾಮಲ್ ಸವೆದು ತೆಳುವಾಗಿದೆ, ಹುಳಿ ಏನಾದರೂ ಜಾಸ್ತಿ ಕುಡಿಯುತ್ತೀರಾ ಎಂದು ಡೆಂಟಿಸ್ಟ್ ಕೇಳಿದ್ದಾರೆ.

ಟೀಚರ್ ದಿನಾ ಬೆಳಿಗ್ಗೆ ಬಿಸಿನೀರಿಗೆ ಒಂದು ಚಮಚ ಕಾಚಂಪುಳಿ ಹಾಕಿ ಕುಡಿಯುತ್ತಿದ್ದರು, ಮೈ ಇಳಿಯಲಿ ಅಂತ. ಕುಡಿದ ತಕ್ಷಣ ಹಲ್ಲು ಉಜ್ಜುತ್ತಿದ್ದರು. ಹುಳಿಯಿಂದ ಮೆತ್ತಗಾದ ಎನಾಮಲ್ ಮೇಲೆ ಬ್ರಷ್ ಆಡಿಸಿದರೆ ಅದು ಉಜ್ಜಿಕೊಂಡೇ ಹೋಗುತ್ತದೆ. ಕಾಚಂಪುಳಿ ಅಂದ್ರೆ ಏನು ಎಂದು ಆ ಡೆಂಟಿಸ್ಟ್‌ಗೆ ವಿವರಿಸಲು ಹತ್ತು ನಿಮಿಷ ಹಿಡಿಯಿತಂತೆ.

ಈಗ ಆ ಬೆಳಗಿನ ಲೋಟ ನಿಂತಿದೆ. ಬಾಟಲಿ ಅಡಿಗೆಮನೆಯಲ್ಲೇ ಇದೆ, ಕರಿಗೆ.